ಕೌಶಲದ ಆಟವಂತೆ

"ಅಣ್ಣಾರ, ಇದು ಜೂಜಲ್ರೀ. ಕೌಶಲದ ಆಟ. ನಮ್ಮ ಹೈಕೋರ್ಟೇ ಹೇಳೇತಿ."

ರಾಣೆಬೆನ್ನೂರು ಕಡೆಯ ಹುಡುಗನೊಬ್ಬ ಅಲ್ ಖರ್ಜ್‌ನ ನಮ್ಮ ಕ್ಯಾಂಪಿನ ಮಹಡಿಯ ಮೇಲೆ ಕೂತು ನನಗೆ ಈ ಮಾತು ಹೇಳಿದ. ರಿಯಾದಿನಿಂದ ಆಗ್ನೇಯಕ್ಕೆ ಎಂಬತ್ತು ಕಿಲೋಮೀಟರಿನ ಈ ಊರನ್ನು ಕನ್ನಡ ಓದುಗರು ನಕ್ಷೆಯಲ್ಲಿ ಹುಡುಕಿರುವ ಸಾಧ್ಯತೆ ಕಡಿಮೆ. ಇಲ್ಲಿ ಖರ್ಜೂರದ ತೋಟಗಳಿವೆ, ಸಾವಿರಾರು ಹಸುಗಳ ಡೈರಿಗಳಿವೆ, ನಡುವೆ ಬರೀ ಮರಳು. ಗಾಳಿ ತಿರುಗಿದರೆ ಮಹಡಿಯ ಮೇಲೂ ಸಗಣಿ ವಾಸನೆ ಬರುತ್ತದೆ. ಊರಿನ ನೆನಪಾಗುತ್ತದೆ ಅನ್ನಿ.

ಆ ಹುಡುಗನ ಅಪ್ಪ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಕಂಬ ಎದ್ದಿದೆ, ಗೋಡೆ ಎದ್ದಿದೆ, ಸ್ಲ್ಯಾಬ್ ಬಿದ್ದಿಲ್ಲ. ಕಬ್ಬಿಣದ ಸರಳುಗಳು ಆಕಾಶ ನೋಡಿಕೊಂಡು ತುಕ್ಕು ಹಿಡಿಯುತ್ತಿರುವ ಫೋಟೋವನ್ನು ಅವನೇ ತೋರಿಸಿದ. ಸ್ಲ್ಯಾಬಿನ ದುಡ್ಡು ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಮೇಲಿನ ಉತ್ತರ ಬಂದದ್ದು.

ನನ್ನದು ಲೆಕ್ಕ ಬರೆಯುವ ಕೆಲಸ. ಬುದ್ಧಿವಾದ ಹೇಳುವುದು ಬರುವುದಿಲ್ಲ, ಕೂಡಿ ಕಳೆಯುವುದು ಬರುತ್ತದೆ. ಅವನ ಬ್ಯಾಂಕಿನ ಸ್ಟೇಟ್‌ಮೆಂಟ್ ಇಳಿಸಿಕೊಂಡು ಒಂದು ಶುಕ್ರವಾರ ಕೂತೆವು. ಹದಿನಾರು ತಿಂಗಳಲ್ಲಿ ಪೋಕರ್ ಆ್ಯಪ್ ಒಂದಕ್ಕೆ ಅವನು ಕಟ್ಟಿದ್ದು 3,12,500 ರೂಪಾಯಿ. ಅಲ್ಲಿಂದ ವಾಪಸು ಬಂದದ್ದು 84,000. ಉಳಿದದ್ದು 2,28,500. ಮನೆಯ ಸ್ಲ್ಯಾಬು ಅಷ್ಟರಲ್ಲಿ ಮುಗಿಯುತ್ತಿತ್ತು. ತಮಾಷೆಯೆಂದರೆ, ಅವನ ನೆನಪಿನಲ್ಲಿ ಇದ್ದದ್ದು ಒಂದು ರಾತ್ರಿ ನಲವತ್ತು ಸಾವಿರ ಗೆದ್ದದ್ದು ಮಾತ್ರ. ಅದರ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದನಂತೆ. ಸೋತದ್ದರ ಸ್ಟೇಟಸ್ ಯಾರೂ ಹಾಕುವುದಿಲ್ಲ.

ಈ ಬರಹ ಅವನ ಮೇಲಲ್ಲ. 'ಕೌಶಲದ ಆಟ' ಎಂಬ ಆ ಎರಡು ಪದಗಳ ಮೇಲೆ. ವಕೀಲರು ಅದನ್ನು ಕಡೆದರು, ಕಂಪನಿಗಳು ಅದಕ್ಕೆ ಬಣ್ಣ ಹಚ್ಚಿದವು, ನಟರು ಮತ್ತು ಕ್ರಿಕೆಟಿಗರು ಟೀವಿಯಲ್ಲಿ ನಕ್ಕು ಮಾರಿದರು. ಕೊನೆಗೆ ಮರಳುಗಾಡಿನ ಕ್ಯಾಂಪಿನಲ್ಲಿ ಒಂದು ಕೋಣೆಯಲ್ಲಿ ಆರು ಜನರ ಜೊತೆ ಮಲಗುವ ಹುಡುಗನ ಬಾಯಿಯಲ್ಲಿ ಅದು ಸ್ವಂತ ಅಭಿಪ್ರಾಯದ ಹಾಗೆ ಬಂತು.

ಮೊದಲು ಒಪ್ಪಬೇಕಾದದ್ದನ್ನು ಒಪ್ಪಿಬಿಡುತ್ತೇನೆ. ಪೋಕರ್‌ನಲ್ಲಿ ಕೌಶಲ ಇದೆ. ಇದನ್ನು ಅಲ್ಲಗಳೆದು ಜಗಳ ಆಡುವವರು ಆಟವನ್ನು ನೋಡಿದವರಲ್ಲ. ಹುಡುಗನ ಜೊತೆ ವಾದಿಸಬೇಕೆಂದು ನಾನು ಎರಡು ತಿಂಗಳು ಅದನ್ನು ಕಲಿತೆ, ದುಡ್ಡಿಲ್ಲದೆ, ಕಡಲೆಬೀಜ ಇಟ್ಟುಕೊಂಡು.

ನಮ್ಮ ಮೂರೆಲೆ ಆಟ, ಊರವರು ತೀನ್ ಪತ್ತಿ ಅಥವಾ ಫ್ಲಶ್ ಎನ್ನುವುದು, ಇದೇ ಸಂತಾನದ್ದು. 52 ಎಲೆಗಳಿಂದ ಮೂರು ಎಲೆಯ ಕೈಗಳು ಒಟ್ಟು 22,100 ಆಗುತ್ತವೆ. ಮೂರೂ ಒಂದೇ ಆಗಿರುವ 'ಟ್ರಯಲ್' 52, ಒಂದೇ ಬಣ್ಣದ ಸಾಲು 48, ಬರೀ ಸಾಲು 720, ಬರೀ ಬಣ್ಣ 1,096, ಜೋಡಿ 3,744. ಉಳಿದ 16,440 ಕೈಗಳಲ್ಲಿ ಏನೂ ಇಲ್ಲ. ಅಂದರೆ ನಾಲ್ಕರಲ್ಲಿ ಮೂರು ಸಲ ನಿಮ್ಮ ಕೈಯಲ್ಲಿರುವುದು ಖಾಲಿ. ಇನ್ನೊಂದು ಗಮನಿಸಿ: ಟ್ರಯಲ್‌ಗಿಂತ ಒಂದೇ ಬಣ್ಣದ ಸಾಲು ಅಪರೂಪ, ಆದರೂ ಆಟದಲ್ಲಿ ಟ್ರಯಲ್ಲೇ ದೊಡ್ಡದು. ಲೆಕ್ಕ ನೋಡಿ ಮಾಡಿದ ಕಾನೂನಲ್ಲ, ಕಣ್ಣಿಗೆ ಚಂದ ಕಂಡದ್ದಕ್ಕೆ ಕೊಟ್ಟ ಪಟ್ಟ. ಎಲೆ ನೋಡದೆ ಆಡುವವನು 'ಬ್ಲೈಂಡ್', ನೋಡಿ ಆಡುವವನು ಅವನ ಎರಡರಷ್ಟು ಹಾಕಬೇಕು. ತಿಳಿದವನಿಗಿಂತ ತಿಳಿಯದವನಿಗೆ ಅಗ್ಗ! ದೀಪಾವಳಿಯ ರಾತ್ರಿ ಕುಡಿದ ಭಾವನೊಬ್ಬ ಬ್ಲೈಂಡಿನಲ್ಲೇ ಇಡೀ ಮನೆಯನ್ನು ಸೋಲಿಸುವುದು ಹೀಗೆ. ಮುಫ್ಲಿಸ್ ಎಂದರೆ ಕನಿಷ್ಠ ಕೈ ಗೆಲ್ಲುತ್ತದೆ. ಎಕೆ-47 ಎಂದರೆ ಎಕ್ಕ, ರಾಜ, ನಾಲ್ಕು, ಏಳು ಎಲ್ಲವೂ ಜೋಕರ್. ಇಲ್ಲಿ ಕೌಶಲ ಹುಡುಕುವುದು ಕಷ್ಟ, ನಗುವುದು ಸುಲಭ.

ಪೋಕರ್ ಐದೆಲೆಯದು. ಐದೆಲೆಯ ಕೈಗಳು 25,98,960. ಅಲ್ಲಿ ಬಣ್ಣ ಸಾಲಿಗಿಂತ ಅಪರೂಪ, ಆದ್ದರಿಂದ ಬಣ್ಣ ಸಾಲನ್ನು ಹೊಡೆಯುತ್ತದೆ. ಮೂರೆಲೆಯಲ್ಲಿ ಇದು ತಿರುಗುಮುರುಗು. ಊರಿನಲ್ಲಿ ಮೂರೆಲೆ ಆಡಿ ಬಂದ ಹುಡುಗರು ಮೊದಲ ವಾರದಲ್ಲಿ ಇದೊಂದೇ ಕಾರಣಕ್ಕೆ ಸೋಲುತ್ತಾರೆ.

ಹಳೆಯದು ಐದೆಲೆ ಡ್ರಾ. ಐದು ಎಲೆ ಹಂಚಿ, ಒಂದು ಸುತ್ತು ಪಣ, ಬೇಡದ್ದನ್ನು ಬದಲಾಯಿಸಿ ಇನ್ನೊಂದು ಸುತ್ತು ಪಣ. ಎದುರಾಳಿಯ ಒಂದು ಎಲೆಯೂ ಕಾಣುವುದಿಲ್ಲ. ಅವನು ಎಷ್ಟು ಎಲೆ ಬದಲಾಯಿಸಿದ ಎಂಬುದಷ್ಟೇ ಸುಳಿವು. ಆಮೇಲೆ ಏಳೆಲೆ ಸ್ಟಡ್: ಕೆಲವು ಮುಚ್ಚಿ, ನಾಲ್ಕು ತೆರೆದು, ಒಟ್ಟು ಐದು ಸುತ್ತು ಪಣ. ಬಿದ್ದ ಎಲೆಗಳನ್ನೆಲ್ಲ ನೆನಪಿಡಬೇಕು. ನಮ್ಮ ಹಿರಿಯರ ರಮ್ಮಿ ಬುದ್ಧಿಗೆ ಹತ್ತಿರದ್ದು ಇದೇ. ಇದರಲ್ಲೇ ಕನಿಷ್ಠ ಕೈ ಗೆಲ್ಲುವ ರಾಝ್ ಎಂಬುದೊಂದಿದೆ, ನಮ್ಮ ಮುಫ್ಲಿಸ್‌ನ ದೊಡ್ಡಣ್ಣ.

ಇವತ್ತು ಲೋಕವೆಲ್ಲ ಆಡುವುದು ಟೆಕ್ಸಾಸ್ ಹೋಲ್ಡೆಮ್. ಹುಟ್ಟಿದ್ದು ಟೆಕ್ಸಾಸಿನ ರಾಬ್ಸ್‌ಟೌನಿನಲ್ಲಿ ಎಂದು ಅಲ್ಲಿನ ಶಾಸನಸಭೆ 2007ರಲ್ಲಿ ಠರಾವು ಮಾಡಿದೆ. (ಶಾಸನಸಭೆಗಳಿಗೆ ಎಂಥೆಂಥ ಕೆಲಸವಿರುತ್ತದೆ ನೋಡಿ.) ಕೈಯಲ್ಲಿ ಎರಡೇ ಎಲೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಮತ್ತೊಂದು. ಅವು ಎಲ್ಲರಿಗೂ ಸೇರಿದವು. ನಾಲ್ಕು ಸುತ್ತು ಪಣ. ನಡುವಿನ ಎಲೆಗಳು ಸಾಮೂಹಿಕ ಆದ್ದರಿಂದ ಒಂದೇ ಕಟ್ಟಿನಲ್ಲಿ ಒಂಬತ್ತು ಹತ್ತು ಜನ ಕೂರಬಹುದು. ಏಳೆಲೆಯಲ್ಲಿ ಎಂಟನೆಯವನು ಕೂತರೇ 56 ಎಲೆ ಬೇಕಾಗಬಹುದು. ಒಮಾಹಾದಲ್ಲಿ ಕೈಗೆ ನಾಲ್ಕು ಎಲೆ, ಅದರಲ್ಲಿ ಎರಡನ್ನೇ ಬಳಸಬೇಕು, ನಡುವಿನಿಂದ ಮೂರು.

ಕೌಶಲ ಎಂದರೆ ಏನು ಎಂದು ಒಂದು ಉದಾಹರಣೆ. ನಿಮ್ಮ ಕೈಯಲ್ಲಿ ಎರಡು ಆಟೀನು, ನಡುವಿನ ಮೂರರಲ್ಲಿ ಎರಡು ಆಟೀನು. ಇನ್ನೊಂದು ಆಟೀನು ಬಿದ್ದರೆ ಬಣ್ಣವಾಗುತ್ತದೆ. ನೀವು ಕಾಣದ ಎಲೆಗಳು 47, ಅವುಗಳಲ್ಲಿ ಆಟೀನು 9. ಅಂದರೆ ಮುಂದಿನ ಎಲೆಗೆ ನೂರಕ್ಕೆ 19ರ ಸಾಧ್ಯತೆ. ಮೇಜಿನಲ್ಲಿ 300 ರೂಪಾಯಿ ಇದೆ, ಎದುರಾಳಿ 100 ಹಾಕಿದ. ನೀವು 100 ಹಾಕಿದರೆ ಗುಡ್ಡೆ 500 ಆಗುತ್ತದೆ. ಹಾಕಲು ನೂರಕ್ಕೆ 20ರ ಸಾಧ್ಯತೆಯಾದರೂ ಬೇಕು. ಈ ಒಂದು ಎಲೆಯ ಲೆಕ್ಕದಲ್ಲಿ ಕೂದಲೆಳೆಯಷ್ಟು ನಷ್ಟ. ಆಮೇಲೆ ಬಣ್ಣವಾದರೆ ಎದುರಾಳಿ ಇನ್ನೆಷ್ಟು ಹಾಕಿಯಾನು, ಅವನು ಹೆದರುವವನೋ ಹೆದರಿಸುವವನೋ ಎಂಬುದನ್ನೂ ಸೇರಿಸಿ ತೂಗಬೇಕು. ಇದನ್ನು ಹತ್ತು ಸೆಕೆಂಡಿನಲ್ಲಿ, ರಾತ್ರಿ ಪೂರ್ತಿ, ತಪ್ಪದೆ ಮಾಡುವವನಿದ್ದಾನೆ. ಅವನು ಕುಶಲಿ. ಒಪ್ಪಿದೆ.

ಈಗ ಕೇಳಿ: ಅವನು ಯಾರಿಂದ ಗೆಲ್ಲುತ್ತಾನೆ?

ಈ ಪ್ರಶ್ನೆಯನ್ನು ಕೇಳದೆ ಕೌಶಲದ ಮಾತಾಡುವುದು ಹುಲಿಯ ಓಟವನ್ನು ಹೊಗಳಿ ಜಿಂಕೆಯ ಸುದ್ದಿ ಎತ್ತದ ಹಾಗೆ. ಬರೀ ಅದೃಷ್ಟದ ಆಟದಲ್ಲಿ, ನಾಣ್ಯ ಚಿಮ್ಮುವಂಥದ್ದರಲ್ಲಿ, ಡೈರಿಯ ಫೋರ್‌ಮನ್ನನೂ ಹಾರ್ವರ್ಡಿನ ಗಣಿತಜ್ಞನೂ ಸಮ. ಇಂದು ಸೋತವನು ನಾಳೆ ಗೆಲ್ಲಬಹುದು. ಕೌಶಲ ಬಂದೊಡನೆ ಈ ಸಮತೆ ಹೋಗುತ್ತದೆ. ಒಂದು ಕೈಯಲ್ಲಿ ಅದೃಷ್ಟ ದೊಡ್ಡದು: ಎರಡು ಎಕ್ಕ ಹಿಡಿದವನು ಯಾವುದೋ ಎರಡೆಲೆಯ ಎದುರು ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತಾನೆ, 15 ಸಲ ಸೋಲುತ್ತಾನೆ. ಆ ಹದಿನೈದೇ ಗಾಳ. ಸಾವಿರ ಕೈಗಳಾದ ಮೇಲೆ, ಹತ್ತು ಸಾವಿರ ಕೈಗಳಾದ ಮೇಲೆ, ಅದೃಷ್ಟ ಸಮವಾಗಿ, ಬಲ್ಲವನ ಜೇಬು ತುಂಬುತ್ತದೆ, ಬಾರದವನದು ಖಾಲಿಯಾಗುತ್ತದೆ. ಕೌಶಲದ ಆಟ ಎಂದರೆ ದುರ್ಬಲನು ಸೋಲುವುದು ಖಾತ್ರಿಯಾದ ಆಟ. ಜೂಜಲ್ಲ ಎನ್ನುವುದಕ್ಕೆ ಕೊಡುವ ಇದೇ ಸಾಕ್ಷಿಯನ್ನು ನಾನು ಜೂಜಿಗಿಂತ ಕೆಟ್ಟದ್ದು ಎನ್ನುವುದಕ್ಕೆ ಕೊಡುತ್ತೇನೆ.

ನಮ್ಮವರಿಗೆ ಇದು ಹೊಸ ಪಾಠವಲ್ಲ. ಕರಾವಳಿಯಲ್ಲಿ ತಾಳಮದ್ದಲೆ ಕೇಳಿ ಬೆಳೆದ ಯಾರನ್ನಾದರೂ ಕೇಳಿ. ಧರ್ಮರಾಯನಿಗೆ ಆಟದ ಆಸೆ ಇದೆ, ಆಟ ಬಾರದು ಎಂದು ಶಕುನಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಸಾಕಾಗಿತ್ತು. ಶಕುನಿ ಇವತ್ತು ಇದ್ದಿದ್ದರೆ ಕೌಶಲದ ಆಟ ಎಂದು ರಿಟ್ ಅರ್ಜಿ ಹಾಕುತ್ತಿದ್ದ, ಗೆಲ್ಲುತ್ತಲೂ ಇದ್ದ.

ಆದರೂ ಹಸ್ತಿನಾವತಿಯ ಸಭೆಯಲ್ಲಿ ಮೇಜಿನ ಬಾಡಿಗೆ ಇರಲಿಲ್ಲ. ಈಗ ಇದೆ. ಅದರ ಹೆಸರು ರೇಕ್. ಆಡಿಸುವವನು ಪ್ರತಿ ಗುಡ್ಡೆಯಿಂದ ಸಾಮಾನ್ಯವಾಗಿ ನೂರಕ್ಕೆ ಐದರ ಸುಮಾರು ತೆಗೆದುಕೊಳ್ಳುತ್ತಾನೆ. ಐದು ರೂಪಾಯಿ ತಾನೇ ಅನಿಸುತ್ತದೆ. ಹುಡುಗನಿಗೆ ನಾನು ಹಾಳೆಯ ಮೇಲೆ ಬರೆದು ತೋರಿಸಿದ್ದು ಹೀಗೆ. ಆರು ಜನ ತಲಾ ಸಾವಿರ ಇಟ್ಟುಕೊಂಡು ಕೂತರು. ಮೇಜಿನ ಮೇಲೆ ಆರು ಸಾವಿರ. ಗುಡ್ಡೆ ಸರಾಸರಿ 200 ರೂಪಾಯಿ ಎಂದುಕೊಳ್ಳೋಣ, ರೇಕ್ 10. ಎದುರು ಬದುರು ಕೂತು ಆಡಿದರೆ ಗಂಟೆಗೆ ಇಪ್ಪತ್ತೈದು ಮೂವತ್ತು ಕೈ. ಫೋನಿನಲ್ಲಿ ಎಲೆ ಕಲಸುವ ಹೊತ್ತೇ ಇಲ್ಲ. ಎಪ್ಪತ್ತು ಕೈ ಎನ್ನಿ. ಗಂಟೆಗೆ 700 ರೂಪಾಯಿ ಆಡಿಸುವವನಿಗೆ. ಒಂಬತ್ತು ಗಂಟೆಯೊಳಗೆ ಮೇಜಿನ ಆರು ಸಾವಿರವೂ ಅವನದೇ. ಆರು ಜನ ಸಮಸಮ ಕುಶಲಿಗಳಾದರೆ ಆರೂ ಜನ ಸೋಲುತ್ತಾರೆ. ಗೆಲ್ಲಬೇಕಾದರೆ ಬೇರೆಯವರಿಗಿಂತ ಚೆನ್ನಾಗಿ ಆಡಿದರೆ ಸಾಲದು, ರೇಕ್ ಕಳೆದೂ ಉಳಿಯುವಷ್ಟು ಚೆನ್ನಾಗಿ ಆಡಬೇಕು. ಅಂಥವರು ಕೆಲವರಿದ್ದಾರೆ. ಮೇಜಿನಲ್ಲಿ ದಡ್ಡರು ಕೂತಿರುವ ತನಕ ಮಾತ್ರ ಅವರೂ ಇರುತ್ತಾರೆ. ಆದ್ದರಿಂದಲೇ ಜಾಹೀರಾತು, ಆದ್ದರಿಂದಲೇ ಮೊದಲ ಐನೂರು ಉಚಿತ.

ಹುಡುಗ ಹಾಳೆಯನ್ನು ಬಹಳ ಹೊತ್ತು ನೋಡಿದ. "ಇದನ್ನ ಆ್ಯಪ್‌ನ್ಯಾಗ ಎಲ್ಲೂ ಬರದಿಲ್ಲಲ್ರೀ" ಎಂದ. ಬರೆದಿರುತ್ತದೆ ಮಾರಾಯ, ನಿಯಮಾವಳಿಯ ಯಾವುದೋ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ.

ಈ ಕಣ್ಣಿನಿಂದ ನೋಡಿದ ಮೇಲೆ ಪೋಕರಿನ ಬಗೆಬಗೆಗಳು ನನಗೆ ಬೇರೆಯಾಗಿ ಕಂಡವು. ಇಷ್ಟು ಬಗೆ ಯಾಕೆ? ಮನುಷ್ಯನ ಕಲ್ಪನೆ ದೊಡ್ಡದು, ಅದು ಒಂದು ಕಾರಣ. ಆದರೆ ಇತ್ತೀಚಿನ ಬಗೆಗಳು ಹಬ್ಬಿದ್ದು ಆಡುವವನ ಸಂತೋಷಕ್ಕಲ್ಲ. ಹೋಲ್ಡೆಮ್‌ನಲ್ಲಿ ಎರಡು ಎಲೆ ಇದ್ದಾಗ ಸ್ವಲ್ಪ ಬುದ್ಧಿ ಬಂದವನು ಬಹುತೇಕ ಕೈಗಳನ್ನು ಮೊದಲೇ ಕೆಳಗಿಡುತ್ತಾನೆ. ಗುಡ್ಡೆ ಬೆಳೆಯುವುದಿಲ್ಲ, ರೇಕ್ ಬೆಳೆಯುವುದಿಲ್ಲ. ನಾಲ್ಕೆಲೆ ಕೊಟ್ಟರೆ ಎರಡೆರಡು ಎಲೆಯ ಜೋಡಣೆಗಳು ಆರು. ಐದೆಲೆ ಕೊಟ್ಟರೆ ಹತ್ತು. ಆರೆಲೆ ಕೊಟ್ಟರೆ ಹದಿನೈದು. ಈಗ ಎಲ್ಲರಿಗೂ ತಮ್ಮ ಕೈಯಲ್ಲಿ ಏನೋ ಇದೆ ಅನಿಸುತ್ತದೆ, ಯಾರೂ ಎಲೆ ಕೆಳಗಿಡುವುದಿಲ್ಲ, ಗುಡ್ಡೆ ಬೆಟ್ಟವಾಗುತ್ತದೆ. ನಮ್ಮ ದೇಶದ ಆ್ಯಪ್‌ಗಳಲ್ಲಿ ಐದೆಲೆ ಒಮಾಹಾ ಮೆರೆದದ್ದು ಸುಮ್ಮನೆ ಅಲ್ಲ. ನಮ್ಮ ಹುಡುಗ ಸೋತದ್ದರಲ್ಲಿ ಹೆಚ್ಚಿನ ಪಾಲು ಇದರಲ್ಲೇ. "ಹೋಲ್ಡೆಮ್ ಬ್ಯಾಸರ ಆಕ್ಕೇತ್ರೀ, ಬರೇ ಕಾಯೋದು" ಎಂದು ಅವನೇ ಹೇಳಿದ. ಕಾಯುವುದೇ ಆ ಆಟದ ಕೌಶಲ. ಬೇಸರ ಹುಟ್ಟಿಸದಂತೆ ಮಾಡುವುದು ಆಡಿಸುವವನ ಕೌಶಲ. ಎರಡನೆಯದರ ಬಗ್ಗೆ ಯಾವ ನ್ಯಾಯಾಲಯವೂ ತೀರ್ಪು ಬರೆದಂತಿಲ್ಲ.

ನ್ಯಾಯಾಲಯದ ಮಾತು ಬಂತು. ಕೌಶಲದ ಕತೆ ನಮ್ಮ ದೇಶದಲ್ಲಿ 1957ರಷ್ಟು ಹಳೆಯದು, ಅದರಲ್ಲಿ ಬೆಂಗಳೂರಿಗೂ ಪಾತ್ರವಿದೆ. ಚಮರ್‌ಬಾಗ್‌ವಾಲಾ ಎಂಬವರ ಪದಬಂಧ ಸ್ಪರ್ಧೆಯ ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿಯಲ್ಲಿ ಮಾರಾಟವಾಗುತ್ತಿತ್ತು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜೂಜು ವ್ಯಾಪಾರವಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಎಂದಿತು. ಕೌಶಲವೇ ಮುಖ್ಯವಾದ ಸ್ಪರ್ಧೆಗಳನ್ನು ಮಾತ್ರ ಬೇರೆ ಇಟ್ಟಿತು. ಆ ಕಿಂಡಿಯಿಂದ ಆಮೇಲೆ ಲಾರಿಗಳೇ ನುಗ್ಗಿದವು.

1968ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿ ಪ್ರಕರಣ, ಸತ್ಯನಾರಾಯಣ ಕೇಸು ಎಂದು ಹೆಸರಾದದ್ದು. ಯಾವ ಎಲೆ ಬಿತ್ತು ಎಂದು ನೆನಪಿಡಬೇಕು, ಇಡಬೇಕಾದದ್ದನ್ನು ಇಟ್ಟು ಬಿಡಬೇಕಾದದ್ದನ್ನು ಬಿಡಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಹಾಗೆ ಬರೀ ಅದೃಷ್ಟವಲ್ಲ ಎಂದಿತು ಕೋರ್ಟು. ಈ ವಾಕ್ಯವನ್ನು ಹಿಡಿದು ಎಷ್ಟು ಕಂಪನಿಗಳು ಬದುಕಿದವೋ ಲೆಕ್ಕವಿಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಕ್ಲಬ್ಬಿನ ಒಡೆಯ ರಮ್ಮಿಯಿಂದಾಗಲಿ, ಪಣ ಕಟ್ಟಿ ಆಡುವ ಬೇರೆ ಆಟದಿಂದಾಗಲಿ ಲಾಭ ಮಾಡಿಕೊಳ್ಳುತ್ತಿದ್ದರೆ ಆಗ ಅಪರಾಧವಾಗಬಹುದು ಎಂಬ ಮಾತು. ಆಟ ಯಾವುದು ಎಂಬುದಲ್ಲ, ಮೇಜಿನ ಲಾಭ ಯಾರಿಗೆ ಎಂಬ ಪ್ರಶ್ನೆಯನ್ನು ಆ ನ್ಯಾಯಮೂರ್ತಿಗಳು ಅಂದೇ ಎತ್ತಿದ್ದರು. ಮೊದಲ ವಾಕ್ಯ ಜಾಹೀರಾತಾಯಿತು, ಎರಡನೆಯದು ಕಡತದಲ್ಲಿ ಉಳಿಯಿತು.

ಆಮೇಲಿನದನ್ನು ಬೇಗ ಹೇಳುತ್ತೇನೆ. 2013ರಲ್ಲಿ ಕರ್ನಾಟಕ ಹೈಕೋರ್ಟು ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಡ ಎಂಬರ್ಥದ ಆದೇಶ ಕೊಟ್ಟಿತು. 2017ರಲ್ಲಿ ಗುಜರಾತ್ ಹೈಕೋರ್ಟು ಅದೇ ಪೋಕರನ್ನು ಜೂಜು ಎಂದಿತು. ಒಂದೇ ಕಟ್ಟಿನ ಎಲೆಗಳು ಬೆಂಗಳೂರಿನಲ್ಲಿ ವಿದ್ಯೆ, ಅಹಮದಾಬಾದಿನಲ್ಲಿ ಅಪರಾಧ! ಕರ್ನಾಟಕ ಸರ್ಕಾರ 2021ರಲ್ಲಿ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ಭಾಗಗಳನ್ನು ಹೊಡೆದುಹಾಕಿತು. ಹುಡುಗ ಹೇಳಿದ 'ನಮ್ಮ ಹೈಕೋರ್ಟು' ಇದೇ. ಅವನು ತೀರ್ಪು ಓದಿಲ್ಲ, ಅದರ ಕಮಿಷನ್ ಕಟ್ಟಿದ್ದಾನೆ.

ಇಷ್ಟು ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಶೇರು ಮಾರುಕಟ್ಟೆ ಜೂಜಲ್ಲವೇ? ಬೆಂಗಳೂರಿನ ಕುದುರೆ ರೇಸು? ಗೋವಾದ ಮಾಂಡವಿ ನದಿಯಲ್ಲಿ ತೇಲುವ ಕ್ಯಾಸಿನೊಗಳಿಗೆ ಬೆಳಗಾವಿ, ಹುಬ್ಬಳ್ಳಿಯಿಂದ ಕಾರು ಹೋಗುವುದಿಲ್ಲವೇ? ಹೋಗುತ್ತವೆ. ಶೇರಿನಲ್ಲಿ ದಿನಕ್ಕೆ ನೂರು ಸಲ ಕೊಂಡು ಮಾರುವ ಹುಚ್ಚಿನ ಬಗ್ಗೆ ನನ್ನ ಅಭಿಪ್ರಾಯವೂ ಇದೇ. ಆದರೆ ಕಂಪನಿಯ ಶೇರಿನ ಹಿಂದೆ ಎಲ್ಲೋ ಒಂದು ಕಾರ್ಖಾನೆ ಇದೆ, ಹಾಲಿನ ಪ್ಯಾಕೆಟ್ಟೋ ಸಿಮೆಂಟಿನ ಮೂಟೆಯೋ ಹೊರಗೆ ಬರುತ್ತದೆ. ಪೋಕರ್ ಮೇಜಿನಿಂದ ಹೊರಗೆ ಬರುವುದು ಒಳಗೆ ಹೋದ ದುಡ್ಡೇ, ಸ್ವಲ್ಪ ಕಡಿಮೆಯಾಗಿ.

ನನಗೆ ಹೆಚ್ಚು ಸಿಟ್ಟು ಬರುವುದು ಬೇರೆ ಕಡೆ. ನಮ್ಮ ಜಿಲ್ಲಾ ಪತ್ರಿಕೆಗಳ ಒಳಪುಟದಲ್ಲಿ ಇಂದಿಗೂ ಬರುವ ಸುದ್ದಿ ನೋಡಿ: ಹಾಡಿಯಲ್ಲೋ ಶಾಲೆಯ ಹಿಂದಿನ ಬಯಲಿನಲ್ಲೋ ಅಂದರ್-ಬಾಹರ್ ಇಸ್ಪೀಟು ಜೂಜಾಟ, ಇಷ್ಟು ಮಂದಿಯ ಬಂಧನ, ನಗದು ಮತ್ತು ಬೈಕ್ ವಶ. ಹೆಸರು, ವಯಸ್ಸು, ಊರು ಸಮೇತ ಅಚ್ಚು. ಅಂದರ್-ಬಾಹರ್ ಅಂದರೆ ಮಗುವಿಗೂ ತಿಳಿಯುವ ಆಟ. ನಡುವೆ ಒಂದು ಎಲೆ ತೆರೆದಿಡುತ್ತಾರೆ. ಎಡಕ್ಕೊಂದು ಬಲಕ್ಕೊಂದು ಎಲೆ ಹಾಕುತ್ತಾ ಹೋಗುತ್ತಾರೆ. ಅದೇ ಅಂಕಿಯ ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಅಷ್ಟೇ. ಮೊದಲು ಎಲೆ ಬೀಳುವ ಬದಿಗೆ ನೂರಕ್ಕೆ ಐವತ್ತೊಂದೂವರೆಯ ಸುಮಾರು ಸಾಧ್ಯತೆ. ಕೌಶಲ ಸೊನ್ನೆ, ಆದ್ದರಿಂದ ಮೋಸ ಮಾಡದೇ ಆಡಿಸಿದರೆ ಬಹುಪಾಲು ಸಮಸಮ. ಸಮಸಮ ಆಡಿದ ಕೂಲಿಯವನು ಠಾಣೆಗೆ ಹೋದ. ನಿಶ್ಚಿತವಾಗಿ ಸೋಲಿಸುವ ಆಟವನ್ನು ಗಾಜಿನ ಕಟ್ಟಡದಲ್ಲಿ ಕೂತು ಲಕ್ಷಾಂತರ ಜನಕ್ಕೆ ಆಡಿಸಿದವನು ನವೋದ್ಯಮಿಯಾಗಿ ವೇದಿಕೆಯಲ್ಲಿ ಕೂತ. ಅಂದರ್-ಬಾಹರ್ ಒಳ್ಳೆಯದು ಎನ್ನುತ್ತಿಲ್ಲ. ಅದರಲ್ಲಿ ಮನೆ ಕಳಕೊಂಡವರನ್ನೂ ಬಲ್ಲೆ. ಆದರೆ ಎರಡನ್ನೂ ತೂಗುವ ತಕ್ಕಡಿ ಒಂದೇ ಆಗಿರಲಿ.

ಇನ್ನೊಂದು ಬದಿಯವರಿಗೂ ಎರಡು ಮಾತು. ಇಸ್ಪೀಟಿನ ಎಲೆ ಮುಟ್ಟಿದರೇ ಪಾಪ ಎನ್ನುವವರು ನಮ್ಮಲ್ಲಿ ಎಲ್ಲ ಧರ್ಮದಲ್ಲೂ ಇದ್ದಾರೆ. ನಾನಿರುವ ಈ ದೇಶದಲ್ಲಿ ಜೂಜು ಸಂಪೂರ್ಣ ನಿಷಿದ್ಧ, ಕುರಾನಿನ ಮಾತೇ ಕಾನೂನು. ಅದೇ ದೇಶದಲ್ಲಿ ಬಲೂತ್ ಎಂಬ ಇಸ್ಪೀಟಾಟವಿದೆ. ಚಳಿಗಾಲದ ರಾತ್ರಿ ಅಲ್ ಖರ್ಜ್‌ನ ತೋಟಗಳಲ್ಲಿ, ರಸ್ತೆ ಬದಿಯ ಮರಳಿನ ಮೇಲೆ ಜಮಖಾನೆ ಹಾಸಿ, ಕಾವಾ ಕಾಯಿಸಿಕೊಂಡು ಸೌದಿಗಳು ನಾಲ್ಕು ನಾಲ್ಕು ಜನ ಕೂತು ಆಡುತ್ತಾರೆ. 32 ಎಲೆ, ಇಬ್ಬಿಬ್ಬರು ಜೊತೆ. ಪಣವಿಲ್ಲ, ಬೈಗುಳ ಮಾತ್ರ ಧಾರಾಳ. 2018ರಲ್ಲಿ ಸರ್ಕಾರವೇ ರಿಯಾದಿನಲ್ಲಿ ಬಲೂತ್ ಪಂದ್ಯಾವಳಿ ನಡೆಸಿತು, ಬಹುಮಾನದ ಮೊತ್ತ ಹತ್ತು ಲಕ್ಷ ರಿಯಾಲ್. ಆಡುವವರ ಜೇಬಿನಿಂದ ಗುಡ್ಡೆ ಕಟ್ಟಿದ್ದಲ್ಲ.

ಮೊದಲ ಸಲ ಬಲೂತ್ ನೋಡಿದಾಗ ನಾನು ಬೆರಗಾದೆ. ಅರೆ, ಇದು ನಮ್ಮ ಇಪ್ಪತ್ತೆಂಟು! ಕರಾವಳಿಯಲ್ಲೂ ಮಲಬಾರಿನಲ್ಲೂ ಆಡುವ ಇಪ್ಪತ್ತೆಂಟಿಗೂ 32 ಎಲೆ, ನಾಲ್ಕು ಜನ, ಜೊತೆಯಾಟ, ತುರುಪು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣಕ್ಕೆ ಕೂಡಿದರೆ 28. ಬಲೂತಿನಲ್ಲೂ ತುರುಪಿನ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಆಮೇಲೆ ಒಂಬತ್ತು. ಗುಲಾಮ ರಾಜನನ್ನು ಹೊಡೆಯುವ ಆಟ ಗಲ್ಫಿನ ಕ್ಯಾಂಪಿನಲ್ಲಿ ಯಾರಿಗೆ ಬೇಡ ಹೇಳಿ? ಗುರುವಾರ ರಾತ್ರಿ ನಮ್ಮ ಮಹಡಿಯಲ್ಲಿ ಕಾಸರಗೋಡಿನವರು, ಬಂಟ್ವಾಳದವರು, ಭಟ್ಕಳದವರು ಸೇರಿ ಇಪ್ಪತ್ತೆಂಟು ಆಡುತ್ತೇವೆ. ಸೋತ ಜೋಡಿ ಮರುದಿನದ ಮೀನು ಕೊಯ್ಯಬೇಕು. ಕೌಶಲ ಅಲ್ಲೂ ಇದೆ, ಬೇಕಾದಷ್ಟಿದೆ. ಆದರೆ ಅಲ್ಲಿ ಬಾರದವನು ಮೀನು ಕೊಯ್ದು ಕೊಯ್ದು ಆಟ ಕಲಿಯುತ್ತಾನೆ, ಮನೆಯ ಸ್ಲ್ಯಾಬು ಕಳಕೊಳ್ಳುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಆಟಗಳನ್ನು ಶ್ರೀತತ್ತ್ವನಿಧಿಯಲ್ಲಿ ವಿವರವಾಗಿ ಬರೆಸಿದರು. ಎಲೆಯಾಟ ನಮ್ಮಲ್ಲಿ ಅರಮನೆಯ ವಿದ್ಯೆಯೂ ಆಗಿತ್ತು. ಎಲೆಯನ್ನು ಬೈದರೆ ಆಡಿಸುವವನು ತಪ್ಪಿಸಿಕೊಳ್ಳುತ್ತಾನೆ.

ಹುಡುಗರು ಗುರುವಾರದ ಗುಂಪಿಗೆ ಯಾಕೆ ಬರುವುದಿಲ್ಲ? ಪಾಳಿಯ ಕೆಲಸ. ಹಸುಗಳಿಗೆ ಗುರುವಾರ ಶುಕ್ರವಾರ ಗೊತ್ತಿಲ್ಲ. ರಾತ್ರಿ ಎರಡಕ್ಕೆ ಕೆಲಸ ಬಿಟ್ಟು ಬಂದವನಿಗೆ ಮಾತಾಡಲು ಯಾರೂ ಎದ್ದಿರುವುದಿಲ್ಲ, ಫೋನ್ ಮಾತ್ರ ಎದ್ದಿರುತ್ತದೆ. ಅದರಲ್ಲಿ ಐದು ಜನ ಮೇಜಿನ ಸುತ್ತ ಕೂತು ಅವನಿಗಾಗಿ ಕಾಯುತ್ತಿರುತ್ತಾರೆ. ನನ್ನ ವಯಸ್ಸಿನವರು 'ದುರಾಸೆ' ಎಂದು ಬೈಯುವಾಗ ಇದನ್ನು ಮರೆಯುತ್ತಾರೆ. ಆಸೆಯೂ ಇತ್ತು ಎನ್ನಿ. 2003ರಲ್ಲಿ ಅಮೆರಿಕದ ಟೆನೆಸಿಯ ಒಬ್ಬ ಅಕೌಂಟೆಂಟ್ ನೂರು ಡಾಲರಿಗೂ ಕಡಿಮೆ ಕಟ್ಟಿದ ಆನ್‌ಲೈನ್ ಪಂದ್ಯದಿಂದ ಮೇಲೇರಿ ಲಾಸ್ ವೇಗಸ್ಸಿನ ವಿಶ್ವ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಅವನ ಹೆಸರು ಕ್ರಿಸ್ ಮನಿಮೇಕರ್, ಕಟ್ಟಿದ ಹೆಸರಲ್ಲ. ಆ ಕತೆ ನಮ್ಮ ಹುಡುಗನಿಗೆ ಬಾಯಿಪಾಠ. ಆ ಪಂದ್ಯಕ್ಕೆ ಕೂತವರು 839 ಜನ. ಎರಡನೆಯವನ ಹೆಸರು ಕೇಳಿದೆ, ಗೊತ್ತಿರಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಮಾಡಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಸೇರಿದ್ದಾಗಲಿ, ನಡೆಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಜಾಹೀರಾತು ಮಾಡಿದವನಿಗೂ ಶಿಕ್ಷೆ, ಆಡಿದವನಿಗೆ ಇಲ್ಲ. 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆ ಎಂದು ಸರ್ಕಾರ ಅಂದಾಜು ಕೊಟ್ಟಿತು. ಲೆಕ್ಕ ಬರೆಯುವವನಾಗಿ ಆ 45 ಕೋಟಿಯನ್ನು ನಾನು ನಂಬಲಾರೆ. ಆದರೆ 'ಕೌಶಲದ್ದಾಗಲಿ' ಎಂಬ ಒಂದು ಪದಕ್ಕಾಗಿ ಆ ಕಾನೂನಿಗೆ ಕೈ ಮುಗಿಯುತ್ತೇನೆ. ಕಂಪನಿಗಳು ಕರ್ನಾಟಕ ಹೈಕೋರ್ಟಿಗೂ ಬೇರೆ ಕೋರ್ಟುಗಳಿಗೂ ಓಡಿದವು, ಸುಪ್ರೀಂ ಕೋರ್ಟು ಎಲ್ಲವನ್ನೂ ತನ್ನ ಬಳಿಗೆ ತರಿಸಿಕೊಂಡಿತು. ಅಲ್ಲಿ ಮತ್ತೆ ಅದೇ ಎರಡು ಪದ ಮೊಳಗುತ್ತವೆ. ಜೊತೆಗೆ ಹೊಸದೊಂದು: ನಿಷೇಧಿಸಿದರೆ ಆಟ ಕತ್ತಲೆಗೆ ಹೋಗುತ್ತದೆ ಎಂಬ ವಾದ.

ಈ ವಾದದಲ್ಲಿ ಸತ್ಯವಿದೆ, ನಾನೇ ನೋಡಿದ್ದೇನೆ. ಆ್ಯಪ್ ಮುಚ್ಚಿದ ಎರಡೇ ವಾರಕ್ಕೆ ಹುಡುಗನಿಗೆ ಟೆಲಿಗ್ರಾಮಿನಲ್ಲಿ 'ಕ್ಲಬ್' ಒಂದರ ಕೊಂಡಿ ಬಂತು. ಅಲ್ಲಿ ಆ್ಯಪಿನೊಳಗೆ ಬರೀ ಚಿಪ್ಸ್, ದುಡ್ಡಿನ ಲೆಕ್ಕ ಹೊರಗೆ, ಒಬ್ಬ ಏಜೆಂಟನ ಕೈಯಲ್ಲಿ. ಗೆದ್ದರೆ ಅವನು ಕೊಟ್ಟಷ್ಟು, ಸೋತರೆ ಅವನು ಕೇಳಿದಷ್ಟು. ಇನ್ನೂ ನಾಲ್ಕು ಜನರನ್ನು ಸೇರಿಸಿದರೆ ರೇಕಿನಲ್ಲಿ ಪಾಲು ಕೊಡುವುದಾಗಿ ಇವನಿಗೆ ಆಸೆ ಹಚ್ಚಿದ್ದ. ಸೌದಿಯ 2007ರ ಸೈಬರ್ ಅಪರಾಧ ಕಾನೂನಿನಲ್ಲಿ ಜೂಜಿನ ತಾಣಗಳ ಸಾಮಗ್ರಿ ತಯಾರಿಸಿ ಹರಡುವುದಕ್ಕೆ ಐದು ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡವಿದೆ ಎಂದು ಹುಡುಗನಿಗೆ ಗೊತ್ತಿರಲಿಲ್ಲ. ಏಜೆಂಟನಿಗೆ ಗೊತ್ತಿತ್ತೋ ಏನೋ, ಅವನು ಈ ದೇಶದಲ್ಲಿ ಇಲ್ಲ.

ಆದರೆ ಕತ್ತಲೆಗೆ ಹೆದರಿ ಬಾಗಿಲು ತೆರೆಯಿರಿ ಎನ್ನುವವರಿಗೆ ನನ್ನ ಕೇಳಿಕೆ ಒಂದು. ಬೆಳಕು ಇದ್ದ ಹದಿನಾರು ತಿಂಗಳಲ್ಲೇ ಈ ಹುಡುಗ 2,28,500 ಕಳೆದುಕೊಂಡದ್ದು. ಕಾನೂನುಬದ್ಧ ಆ್ಯಪು, ತೆರಿಗೆ ಕಟ್ಟುವ ಕಂಪನಿ, ಟೀವಿಯಲ್ಲಿ ನಟ. ನಾಳೆ ಕೋರ್ಟು ಮತ್ತೆ ಬಾಗಿಲು ತೆರೆಸಿದರೆ, ಆಗಲಿ. ಪ್ರತಿ ಕೈ ಮುಗಿದಾಗ ಪರದೆಯ ಮೇಲೆ, ಗೆದ್ದ ಮೊತ್ತ ಹೊಳೆಯುವಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಮೂರು ಸಂಖ್ಯೆ ಬರಲಿ: ನೀನು ಈ ತನಕ ಹಾಕಿದ್ದು ಇಷ್ಟು, ವಾಪಸು ಪಡೆದದ್ದು ಇಷ್ಟು, ಈ ಮೇಜಿನಿಂದ ನಾವು ತೆಗೆದುಕೊಂಡದ್ದು ಇಷ್ಟು. ಕಂಪನಿಯ ಸರ್ವರಿನಲ್ಲಿ ಮೂರೂ ಇವೆ, ಪೈಸೆ ಸಮೇತ. ಕೌಶಲದ ಆಟಗಾರನಿಗೆ ಲೆಕ್ಕ ತೋರಿಸಲು ಹೆದರಿಕೆ ಯಾಕೆ? ಚೆಸ್ ಆಡುವವನಿಗೆ ತನ್ನ ರೇಟಿಂಗ್ ಗೊತ್ತಿರುತ್ತದೆ, ಓಡುವವನಿಗೆ ತನ್ನ ಸಮಯ ಗೊತ್ತಿರುತ್ತದೆ.

ಹೊರನಾಡ ಕನ್ನಡ ಕೂಟಗಳ ಗೆಳೆಯರಿಗೂ ಹೇಳುವುದಿದೆ. ರಾಜ್ಯೋತ್ಸವಕ್ಕೆ ಹಣಕಾಸಿನ ಭಾಷಣ ಇಟ್ಟುಕೊಳ್ಳುತ್ತೀರಿ. ಎನ್‌ಆರ್‌ಇ ಖಾತೆ, ಮ್ಯೂಚುವಲ್ ಫಂಡ್, ಫ್ಲ್ಯಾಟು. ಕೇಳಲು ಬರುವವರಿಗೆ ಅದು ಬೇಕು. ಬರಲಾಗದವರ ಕ್ಯಾಂಪಿಗೆ ಒಂದು ಶುಕ್ರವಾರ ಒಂದು ಹಾಳೆ, ಒಂದು ಪೆನ್ನು, ಅರವತ್ತು ಕಡಲೆಬೀಜ ಹಿಡಿದು ಬನ್ನಿ. ಆರು ಜನರನ್ನು ಕೂರಿಸಿ, ತಲಾ ಹತ್ತು ಕೊಡಿ, ಪ್ರತಿ ಗುಡ್ಡೆಯಿಂದ ಒಂದೊಂದು ಬೀಜ ಎತ್ತಿ ಬಾಯಿಗೆ ಹಾಕಿಕೊಳ್ಳಿ. ನಾನು ಹೀಗೆ ಮಾಡಿ ನೋಡಿದೆ. ಅರವತ್ತನೆಯ ಕೈಗೆ ಮೇಜಿನಲ್ಲಿ ಬೀಜವಿರಲಿಲ್ಲ. ಬಂಟ್ವಾಳದವರೊಬ್ಬರು, "ನೀವು ಒಬ್ಬರೇ ತಿಂದದ್ದಲ್ವಾ ಮಾರಾಯ್ರೇ, ನಮಗೆ ಆಡಿದ್ದು ಮಾತ್ರ" ಎಂದು ರೇಗಿದರು.

ಹುಡುಗ ಟೆಲಿಗ್ರಾಮಿನ ಕೊಂಡಿ ಅಳಿಸಿದ್ದೇನೆ ಎಂದಿದ್ದಾನೆ. ನಾನು ಫೋನು ತೆಗೆದು ನೋಡಿಲ್ಲ. ಮೊನ್ನೆಯ ತಿಂಗಳು ಊರಿಗೆ ಕಳಿಸಿದ ದುಡ್ಡಿನ ರಸೀದಿ ತೋರಿಸಿದ: ಇಪ್ಪತ್ತೆರಡು ಸಾವಿರ. ಸ್ಲ್ಯಾಬಿಗೆ ಮಳೆಗಾಲದ ಮೊದಲು ಆಗುತ್ತದೋ ಇಲ್ಲವೋ ಎಂದು ಅವನ ಅಪ್ಪ ಮೇಸ್ತ್ರಿಯನ್ನು ಕೇಳಿದ್ದಾರೆ. ಸರಳು ತುಕ್ಕು ಹಿಡಿದಿದೆ, ಉಜ್ಜಲು ಬೇರೆ ಕೂಲಿ ಎಂದನಂತೆ ಮೇಸ್ತ್ರಿ.